ಗೂಢಚಾರಿಣಿಗೆ ಟಾಕೀಸೋ, ಟೀವಿಯೋ?

ನನ್ನ ಮರ್ಯಾದೆಗೂ ಸಂತೆಬಾಚಹಳ್ಳಿ ಬಸ್ಸಿಗೂ ಅಂಥ ವ್ಯತ್ಯಾಸವೇನಿಲ್ಲ. ಬೆಳಿಗ್ಗೆ ಹೋಗುತ್ತದೆ, ಸಂಜೆ ಹೊತ್ತಿಗೆ ಏದುಸಿರು ಬಿಡುತ್ತಾ ಹೇಗೋ ವಾಪಸ್ಸು ಬರುತ್ತದೆ, ಮಾರನೆಯ ದಿನ ಮತ್ತೆ ಹೋಗುತ್ತದೆ. ಐವತ್ತು ದಾಟಿದ ಮೇಲಾದರೂ ನಿಲ್ಲಬಹುದು ಅಂದುಕೊಂಡಿದ್ದೆ. ಈ ವರ್ಷ ಟ್ರಿಪ್ಪು ಜಾಸ್ತಿಯೇ ಆಯಿತು.

ಕಾರಣ ಒಂದು ಪುಸ್ತಕ. ನಾನು ಹಸುವಿನ ಫೀಡು ಮಾರುವವನು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲೂಕಿನ ಡೈರಿಗಳಿಗೂ ಅಂಗಡಿಗಳಿಗೂ ಬೈಕಿನಲ್ಲಿ ತಿರುಗಿ ಬೂಸಾ, ಹಿಂಡಿಗೆ ಆರ್ಡರು ಹಿಡಿಯುವುದು ನನ್ನ ಕೆಲಸ. ಹಾಗೆ ತಿರುಗುವಾಗ ಜನರಿಗೆ ಒಂದಿಷ್ಟು ಸುಳ್ಳು ಹೇಳುತ್ತಿದ್ದೆ. ಫೀಡಿನ ಬಗ್ಗೆ ಅಲ್ಲ. ಆ ಸುಳ್ಳನ್ನು ಚೀಲದ ಮೇಲೆ ಮೊದಲೇ ಪ್ರಿಂಟು ಮಾಡಿ ಕಳಿಸಿರುತ್ತಾರೆ. ನನ್ನವು ಬರೀ ತಮಾಷೆಯವು. ಒಂದೂರಿನಲ್ಲಿ, ನಮ್ಮ ಬೂಸಾ ತಿಂದ ಹಸು ಕನ್ನಡಿ ಕಂಡರೆ ನಿಂತು ನೋಡಿಕೊಳ್ಳುತ್ತೆ ಅಂದಿದ್ದೆ. ಮುಂದಿನ ವಾರ ಹೋದಾಗ ಕೊಟ್ಟಿಗೆಯಲ್ಲಿ ಕನ್ನಡಿ ನೇತುಹಾಕಿದ್ದರು.

ಇಂಥ ಸುಳ್ಳುಗಳನ್ನೆಲ್ಲ ಒಟ್ಟು ಮಾಡಿ ಹದಿಹರೆಯದವರಿಗೆ ಅಂತ ಒಂದು ಗೂಢಚಾರ ಕಾದಂಬರಿ ಬರೆದೆ. ಪಾಂಡವಪುರದ ಹಾಸ್ಟೆಲ್ಲಿನಲ್ಲಿದ್ದು ಪಿಯುಸಿ ಓದುವ ಹುಡುಗಿಯೊಬ್ಬಳು ಮನೆಯವರಿಗೆ ಗೊತ್ತಾಗದ ಹಾಗೆ ದೇಶಕ್ಕೆ ಗೂಢಚಾರಿಕೆ ಮಾಡುತ್ತಾಳೆ. ಹನಿ ನೀರಿಲ್ಲದೆ ಬೆಳೆಯುವ ಹೊಸ ತಳಿಯ ಕಬ್ಬು ಒಂದಿದೆ, ಅದನ್ನು ವಿಲನ್ನು ಪರದೇಶಕ್ಕೆ ಸಾಗಿಸಲು ನೋಡುತ್ತಾನೆ, ಕೊನೆಯ ಪುಟದಲ್ಲಿ ನಾಲೆಗೆ ಬಿದ್ದು ಸಾಯುತ್ತಾನೆ. ಪುಸ್ತಕ ಹುಡುಗರ ಕೈಯಲ್ಲಿ ಚೆನ್ನಾಗಿ ಓಡಿತು. ಓಡಿದ್ದೇ ತೊಂದರೆಯಾಯಿತು.

ಯಾಕೆಂದರೆ ಆ ವಿಲನ್ನು ನಮ್ಮ ಭಾವ.

ಕಿರಂಗೂರಿನ ನಮ್ಮಕ್ಕನ ಗಂಡ. ಅಪ್ಪ ಹೋದ ಮೇಲೆ ನನ್ನನ್ನು ಮನೆಯಲ್ಲಿಟ್ಟುಕೊಂಡು ಓದಿಸಿದವರು, ನನ್ನ ಮದುವೆಯ ಚಪ್ಪರಕ್ಕೆ ತಾವೇ ಗಳ ಹೊತ್ತು ತಂದವರು. ಇವತ್ತಿಗೂ ಮಧ್ಯಾಹ್ನ ಆ ಕಡೆ ಹೋದರೆ ನನ್ನ ಮುದ್ದೆ ಅವರ ಮನೆಯಲ್ಲೇ. ಇಂಥವರನ್ನು ಯಾಕೆ ವಿಲನ್ ಮಾಡಿದೆ ಅಂದರೆ, ನಾನು ಹತ್ತಿರದಿಂದ ನೋಡಿದ ಗಂಭೀರ ಮನುಷ್ಯ ಅವರೊಬ್ಬರೇ. ಭಾವ ಟೀ ಲೋಟವನ್ನು ಮೊದಲು ಮೂಸುತ್ತಾರೆ, ಆಮೇಲೆ ಅದರ ಅಂಚನ್ನು ಟವಲ್ಲಿನಲ್ಲಿ ಒರೆಸುತ್ತಾರೆ, ಆಮೇಲೆ ಕೊಟ್ಟವರ ಮುಖ ನೋಡುತ್ತಾರೆ. ಸಂಜೆ ಶುರುವಾದರೆ ಮಲಗುವವರೆಗೆ ಒಂದು ಸೀರಿಯಲ್ಲೂ ಬಿಡುವುದಿಲ್ಲ. ಬೇರೆ ಯಾರೂ ಚಾನೆಲ್ಲು ಬದಲಾಯಿಸಬಾರದು ಅಂತ ಟೀವಿಯ ರಿಮೋಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅಂಗಿ ಜೇಬಿನಲ್ಲಿಟ್ಟುಕೊಂಡು ಗದ್ದೆಗೂ ಒಯ್ಯುತ್ತಾರೆ. ನಾನು ಇದೆಲ್ಲವನ್ನೂ ಇದ್ದ ಹಾಗೇ ಎತ್ತಿ ವಿಲನ್ನಿಗೆ ಕೊಟ್ಟೆ. ರಿಮೋಟು ಮಾತ್ರ ಟೀವಿಯದ್ದಲ್ಲ, ಬಾಂಬಿನದು.

ಭಾವನಿಗೆ ಗೊತ್ತಾದರೆ ಆ ಮನೆಯ ಹೊಸಿಲು ನಾನು ತುಳಿಯುವ ಹಾಗಿಲ್ಲ. ಗಂಡನ ಕಡೆ ನಿಲ್ಲುವುದೋ ತಮ್ಮನ ಕಡೆಯೋ ಅಂತ ಅಕ್ಕ ಒದ್ದಾಡಬೇಕು. ಅದಕ್ಕೇ ಪುಸ್ತಕ ಬಂದಾಗ ಅಕ್ಕನಿಗೊಂದು ಪ್ರತಿ ಕೊಡದೆ, ಎಲ್ಲ ಖರ್ಚಾಗಿ ಹೋದವು ಅಂದುಬಿಟ್ಟೆ.

ಇಷ್ಟರಲ್ಲಿ ಪುಸ್ತಕ ಕೇಳಿಕೊಂಡು ಇಬ್ಬರು ಬಂದರು. ಒಬ್ಬರು ಟೀವಿಯವರು, ಇನ್ನೊಬ್ಬರು ಸಿನಿಮಾ ಮಾಡುತ್ತೇನೆ ಅನ್ನುವವರು. "ನಿಮಗೆ ಯಾವುದು ಸರಿ ಅನ್ನಿಸುತ್ತೋ ಹೇಳಿ" ಅಂದರು ಪ್ರಕಾಶಕರು. ಇಂಥ ಕಥೆ ಟೀವಿಗೇ ಒಗ್ಗುವುದು ಅಂತ ನನ್ನ ಮನಸ್ಸಿಗೆ ಗೊತ್ತಿತ್ತು. ಆದರೆ ಟೀವಿಯಲ್ಲಿ ಬಂದರೆ ಭಾವ ನೋಡುತ್ತಾರೆ. ಸಿನಿಮಾ ಆದರೆ ನೋಡುವುದಿಲ್ಲ. ಟಾಕೀಸಿನ ಸೀಟಿನಲ್ಲಿ ತಿಗಣೆ ಕಚ್ಚಿತು ಅಂತ ವಯಸ್ಸಿನಲ್ಲೇ ಸಿನಿಮಾ ಬಿಟ್ಟವರು ಅವರು. ಹಾಗಾಗಿ ನಾನು ಸಿನಿಮಾ ಪಕ್ಷ ಸೇರಿದೆ. ಮುಂದಿನದೆಲ್ಲ ಆ ಪಕ್ಷಕ್ಕೆ ದುಡಿದು ನಾನು ಸಂಪಾದಿಸಿದ ನಾಚಿಕೆ.

ಯಾರ ಮನೆಗೆ ಬಂದ್ರಿ

ಟೀವಿ ಕಡೆಯಿಂದ ಬಂದವರು ಒಬ್ಬ ಮೇಡಂ. ಹುಟ್ಟಿದ್ದು ಪಾಂಡವಪುರದ ಕಡೆ, ಈಗ ಇರುವುದು ಬೆಂಗಳೂರು. "ಇಂಥ ಊರಲ್ಲಿ ಗೂಢಚಾರರು ಹೆಂಗೆ ಓಡಾಡ್ತಾರೆ, ನೋಡಬೇಕಲ್ಲ ಸರ್" ಅಂದರು. ನಾನು ಸಂತೆಬಾಚಹಳ್ಳಿಗೆ ಕರೆದುಕೊಂಡು ಹೋದೆ. ಸಣ್ಣಗೆ ಮಳೆ ಹನಿಯುತ್ತಿತ್ತು. ಅಲ್ಲ, ಬಿಸಿಲಿತ್ತು, ಗೂಢಚಾರರ ಕಥೆಗೆ ಮಳೆ ಇದ್ದರೆ ಚೆಂದ ಅಂತ ಸೇರಿಸಿದೆ.

ನನ್ನ ಲೆಕ್ಕಾಚಾರ ಹೀಗಿತ್ತು. ಸಿನಿಮಾದಲ್ಲಾದರೆ ಗೂಢಚಾರ ಕಪ್ಪು ಕನ್ನಡಕ ಹಾಕಿಕೊಂಡು ಊರೊಳಗೆ ನುಗ್ಗುವುದು ಒಂದು ನಿಮಿಷದ ಕೆಲಸ. ಅದನ್ನೇ ಮಾಡಿ ತೋರಿಸಿದರೆ, ಇಷ್ಟು ಚುರುಕಾದ ಕಥೆ ಸಿನಿಮಾಕ್ಕೇ ಸರಿ ಅಂತ ಮೇಡಮ್ಮೇ ಒಪ್ಪುತ್ತಾರೆ. ಕಪ್ಪು ಕನ್ನಡಕ, ತಲೆಗೊಂದು ಟೋಪಿ, ಬಾಯಿಗೆ ಮಾಸ್ಕು ಹಾಕಿಕೊಂಡೆ. "ಮೇಡಂ, ಈಗ ನಾನ್ಯಾರೋ, ನೀವ್ಯಾರೋ. ಈ ತುದಿಯಿಂದ ಆ ತುದಿಗೆ ಯಾರಿಗೂ ಗೊತ್ತಾಗದ ಹಾಗೆ ಹೋಗಿಬಿಡೋಣ" ಅಂದೆ.

ಬೀದಿಯಲ್ಲೊಂದು ಎಮ್ಮೆ ಅಡ್ಡ ನಿಂತಿತ್ತು. ಅದನ್ನು ಸರಿಸಿಕೊಂಡು ಮುಂದೆ ಹೋದೆವು. ಮೊದಲನೆಯ ಮನೆಯ ಜಗಲಿಯ ಮೇಲೆ ಒಂದು ಅಜ್ಜಿ ಅವರೆಕಾಯಿ ಸುಲಿಯುತ್ತಿತ್ತು. ತಲೆ ಎತ್ತದೆಯೇ ಕೇಳಿತು.

"ಯಾರ ಮನೆಗೆ ಬಂದ್ರಪ್ಪ?"

"ಯಾರ ಮನೆಗೂ ಇಲ್ಲ ಅಜ್ಜಿ, ಹಿಂಗೇ."

"ಇಂಗೇ ಅಂತ ಯಾರಾರೂ ಬತ್ತಾರಾ? ಯಾವೂರು?"

"ಮೈಸೂರು."

"ಮೈಸೂರ್ನೋರು ಎಮ್ಮೆ ಕಂಡ್ರೆ ಪಕ್ಕಕ್ಕೆ ಓಯ್ತಾರೆ. ನೀನು ಬೆನ್ನು ತಟ್ಟಿ ಸರುಸ್ಕಂಡು ಬಂದೆ. ಬೂಸಾದೋನಲ್ವೇನ್ಲಾ ನೀನು? ಓದ ತಿಂಗ್ಳು ಕೊಟ್ಟ ಮೂಟೇಲಿ ಹುಳ ಇತ್ತು."

ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡೆ. ಮೇಡಂ ನಗು ತಡೆಯಲಾರದೆ ಮುಖ ಆ ಕಡೆ ತಿರುಗಿಸಿದರು. ಅಜ್ಜಿಯ ಕಣ್ಣು ಈಗ ಅವರ ಮೇಲೆ ಬಿತ್ತು. ಯಾವೂರವ್ವ ನಿಂದು, ಪಾಂಡವಪುರದ ಕಡೆ ಅಂದ್ರೆ ಯಾವ ಹಳ್ಳಿ, ಯಾರ ಮಗಳು, ತಾಯಿಯ ತೌರು ಯಾವುದು ಅಂತ ಒಂದಾದ ಮೇಲೊಂದು ಕೇಳಿತು. ಮೇಡಂ ಪಾಪ, ಪರೀಕ್ಷೆ ಬರೆಯುವವರ ಹಾಗೆ ಎಲ್ಲದಕ್ಕೂ ಉತ್ತರ ಕೊಟ್ಟರು. ಅಜ್ಜಿ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟಿತು.

"ಅಂಗಾರೆ ನಮ್ಮ ಮೊಮ್ಮಗನ್ನ ಹೆಣ್ಣು ನೋಡಾಕೆ ಅಂತ ಕರ್ಸಿ, ಉಪ್ಪಿಟ್ಟು ಕೇಸರಿಬಾತು ಕೊಟ್ಟು, ಆಮೇಲೆ ಬ್ಯಾಡ ಅಂದೋಳು ನೀನೇಯಾ."

ಅಷ್ಟೇ. ಒಳಗಿನಿಂದ ಸೊಸೆ ಬಂದಳು, ಪಕ್ಕದ ಮನೆಯವರು ಬಂದರು, ಬೇಡ ಅಂದದ್ದು ಯಾಕೆ ಅಂತ ವಿಚಾರಣೆ ಶುರುವಾಯಿತು. ಆ ಮೊಮ್ಮಗನೇ ಬಂದು, ತನ್ನ ಹೆಂಡತಿ ಮಾಡಿದ ಟೀ ತಂದುಕೊಟ್ಟು, ಮೇಡಂ ಕುಡಿಯುವವರೆಗೂ ಎದುರಿಗೇ ನಿಂತಿದ್ದ. ಊರಿನ ಆ ತುದಿ ನಾವು ನೋಡಲೇ ಇಲ್ಲ.

ವಾಪಸ್ಸು ಬರುವಾಗ ಮೇಡಂ ಹೇಳಿದರು. "ಇದು ಸಿನಿಮಾ ಆಗೋ ಕಥೆ ಅಲ್ಲ ಸರ್. ಗೂಢಚಾರ ಊರೊಳಗೆ ಕಾಲಿಡೋಕೇ ಮೂರು ಎಪಿಸೋಡು ಬೇಕು. ಮೊದಲನೇದು ಪೂರ್ತಿ ಆ ಅಜ್ಜಿ."

"ಎರಡನೇದು?"

"ಎರಡನೇದು, ನಾನು ಯಾಕೆ ಬೇಡ ಅಂದೆ ಅನ್ನೋದು. ಅದನ್ನ ಅವರು ಇನ್ನೂ ಒಪ್ಪಿಲ್ಲ."

ತಾಯಿ ತಗೀರಿ, ಸಾರು ಇರ್ಲಿ

ಸಿನಿಮಾ ಮಾಡುತ್ತೇನೆ ಅಂದವರು ನಾಗಮಂಗಲದ ಒಬ್ಬ ಫೀಡು ಡೀಲರು. ನನ್ನ ಗಿರಾಕಿಯೇ. ನನ್ನ ಪಕ್ಷದ ಏಕೈಕ ಆಸರೆ. "ಕಥೆ ಹೇಳಿ, ಕಣ್ಣು ಮುಚ್ಕೊಂಡು ಕೇಳ್ತೀನಿ. ಕಣ್ಣು ಮುಚ್ಚಿದ್ರೆ ನಂಗೆ ಸಿನಿಮಾ ಕಾಣ್ತದೆ" ಅಂದು ಗೋಡೌನಿನಲ್ಲಿ ಹಿಂಡಿ ಮೂಟೆಗಳಿಗೆ ಒರಗಿಕೊಂಡರು. ಲಾರಿಯಿಂದ ಮೂಟೆ ಇಳಿಸುವವರೂ ಕೆಲಸ ನಿಲ್ಲಿಸಿ ಸುತ್ತ ಕೂತರು.

"ಹುಡುಗಿ ಹಾಸ್ಟೆಲ್ಲಿಂದ ಆಚೆ ಬರೋಕೆ ವಾರ್ಡನ್ನಿಗೆ ಒಂದು ಸುಳ್ಳು ಹೇಳ್ತಾಳೆ ಸಾರ್. ಆ ಸುಳ್ಳು..."

"ವಾರ್ಡನ್ ತಗೀರಿ. ಎರಡು ಗಂಟೆ ಸಿನಿಮಾದಲ್ಲಿ ಆಯಮ್ಮಂಗೆ ಎಲ್ಲಿ ಜಾಗ?"

"ಭಾನುವಾರ ಅವರಮ್ಮ ಕೋಳಿಸಾರು ತಗೊಂಡು ಹಾಸ್ಟೆಲ್ಲಿಗೆ ಬರ್ತಾರೆ. ಅದೇ ಹೊತ್ತಿಗೆ ಇವಳು ವಿಲನ್ನಿನ ತೋಟದಲ್ಲಿ ಸಿಕ್ಕಿಹಾಕಿಕೊಂಡಿರ್ತಾಳೆ..."

"ತಾಯಿ ತಗೀರಿ. ಸಾರು ಇರ್ಲಿ."

"ರೂಮಿನ ಗೆಳತಿಗೆ ಅನುಮಾನ ಬಂದು ಮಾತು ಬಿಡ್ತಾಳೆ. ಪರೀಕ್ಷೆ ಬೇರೆ ಹತ್ತಿರ ಬರ್ತಾ ಇರುತ್ತೆ..."

"ಪರೀಕ್ಷೆ ತಗೀರಿ. ಪಾಪ, ಟಿಕೀಟು ತಗೊಂಡು ಬಂದಿರೋ ಹುಡುಗರಿಗೆ ಅಲ್ಲೂ ಪರೀಕ್ಷೆ ತೋರಿಸ್ತೀರಾ?"

ಹೀಗೆ ತೆಗೆದು ತೆಗೆದು ಕೊನೆಗೆ ಉಳಿದದ್ದು ಒಬ್ಬ ಹುಡುಗಿ, ಒಂದು ಬಾಂಬು, ಒಂದು ಡಬ್ಬಿ ಕೋಳಿಸಾರು. ಹುಡುಗಿಯ ಮೇಲೂ ಅವರ ಕಣ್ಣು ಬಿತ್ತು. ಹದಿನೇಳರ ಹುಡುಗಿಗೆ ಡ್ಯುಯೆಟ್ ಹಾಕಿದರೆ ಜನ ಉಗಿಯುತ್ತಾರೆ, ವಯಸ್ಸು ಇಪ್ಪತ್ತೆಂಟು ಮಾಡಿ ಅಂದರು.

"ಪಿಯುಸಿ ಓದೋಳು ಸಾರ್ ಅವಳು."

"ಫೇಲಾಗವ್ಳೆ ಅನ್ನಿ."

ವಾರ್ಡನ್ನು, ತಾಯಿ, ಗೆಳತಿ ಇವರಿಗೆಲ್ಲ ಹೆದರಿಕೊಂಡು ಗೂಢಚಾರಿಕೆ ಮಾಡುವುದೇ ನನ್ನ ಹುಡುಗಿಯ ಕಥೆ. ಅವರು ಹೋದರೆ ಅವಳೂ ಹೋದಳು. ಆದರೂ ಭಾವ ನೋಡದಿದ್ದರೆ ಸಾಕು ಅಂತ "ತುಂಬಾ ಚೆನ್ನಾಗಾಯ್ತು ಸಾರ್" ಅಂದೆ. ಬರೆದವನೇ ಹಾಗೆ ಹೇಳುವುದನ್ನು ಕೇಳಿ ಮೂಟೆಯವನೊಬ್ಬ ಪಕ್ಕದವನ ಮುಖ ನೋಡಿದ.

"ವಿಲನ್ನು ಹೇಳಿ" ಅಂದರು ಡೀಲರು.

ಅದೊಂದು ನನಗೆ ಚೆನ್ನಾಗಿ ಬರುತ್ತದೆ. ಎದ್ದು ನಿಂತು ಮಾಡಿಯೇ ತೋರಿಸಿದೆ. ಟೀ ಲೋಟ ಮೂಸಿದೆ, ಅಂಚು ಒರೆಸಿದೆ, ಕೊಟ್ಟವರ ಮುಖ ನೋಡಿದೆ, ಜೇಬಿನಿಂದ ಪ್ಲಾಸ್ಟಿಕ್ ಕವರಿನ ರಿಮೋಟು ಮೆಲ್ಲಗೆ ತೆಗೆದೆ. ಡೀಲರು ಮೊದಲ ಸಲ ಕಣ್ಣು ಬಿಟ್ಟರು.

"ಇದು ಬಾಳ ಚೆನ್ನಾಗೈತೆ. ಇಂಥ ಮನುಷ್ಯನ್ನ ಎಲ್ಲಿ ಹಿಡಿದ್ರಿ?"

"ಎಲ್ಲಾ ಕಲ್ಪನೆ ಸಾರ್. ಇಂಥ ಮನುಷ್ಯ ಈ ಭೂಮಿ ಮೇಲೆ ಇಲ್ಲ."

ಮೂಟೆಯವರಲ್ಲಿ ಒಬ್ಬ ಗಾಬರಿಯಿಂದ ಎದ್ದು ನಿಂತ. "ಅಯ್ಯೋ, ಯಾವಾಗ ತೀರ್ಕಂಡ್ರಣ್ಣ? ಮೊನ್ನೆ ಕಿರಂಗೂರ್ನಲ್ಲಿ ಮೂಟೆ ಇಳ್ಸಾಕೆ ಓದಾಗ ನಮ್ಗೆಲ್ಲ ಟೀ ಕೊಡ್ಸಿದ್ರಲ್ಲ."

ಚೀಟಿಯಲ್ಲಿ ಬಂದ ಅಭಿಪ್ರಾಯ

ಪಾಂಡವಪುರದ ಒಂದು ಕಾಲೇಜಿನವರು ಚರ್ಚಾಸ್ಪರ್ಧೆ ಇಟ್ಟರು. ಹದಿಹರೆಯದವರ ಗೂಢಚಾರ ಕಾದಂಬರಿಗೆ ಸಿನಿಮಾ ಒಗ್ಗುತ್ತದೋ, ಟೀವಿಯೋ ಅನ್ನುವುದೇ ವಿಷಯ. ನಾನೇ ಮುಖ್ಯ ಅತಿಥಿ, ನಾನೇ ತೀರ್ಪುಗಾರ. ಟೀವಿ ಮೇಡಮ್ಮನ್ನೂ ಕರೆದಿದ್ದರು. ಓದುವ ಹುಡುಗರೇ ಸಿನಿಮಾ ಬೇಕು ಅಂದರೆ ಮೇಡಂ ತಾವಾಗಿಯೇ ಕೈಬಿಡುತ್ತಾರೆ ಅಂತ ನಾನು ಬೆಳಿಗ್ಗೆಯೇ ತೀರ್ಪು ಬರೆದುಕೊಂಡು ಹೋಗಿದ್ದೆ.

ಸಿನಿಮಾ ಪರವಾಗಿ ಒಬ್ಬ ಹುಡುಗ ಮಾತಾಡಿದ. ಗಂಟಲು ಮೈಕು ಬೇಡದಂಥದ್ದು. ಟಾಕೀಸಿನಲ್ಲಿ ದೊಡ್ಡ ಪರದೆ, ದೊಡ್ಡ ಶಬ್ದ, ಜೊತೆಗೆ ಗೆಳೆಯರ ಶಿಳ್ಳೆ. ಮನೆಯಲ್ಲಿ ಟೀವಿ ನೋಡುತ್ತಿದ್ದರೆ ಅಮ್ಮ ಕರಿಬೇವು ತರಲು ಕಳಿಸುತ್ತಾಳೆ, ಬರುವಷ್ಟರಲ್ಲಿ ಬಾಂಬು ಸಿಡಿದು ಹೋಗಿರುತ್ತದೆ ಅಂದ. ನಾನು ಜೋರಾಗಿ ಚಪ್ಪಾಳೆ ತಟ್ಟಿದೆ. ಅಷ್ಟು ಬೇಗ ಬೇರೆ ಯಾರೂ ತಟ್ಟಲಿಲ್ಲ.

ಟೀವಿ ಪರವಾಗಿ ಒಂದು ಹುಡುಗಿ ಎದ್ದಳು. ದನಿ ಮೆತ್ತಗೆ.

"ದೊಡ್ಡವರು ಗೂಢಚಾರರಾದರೆ ಅವರ ಶತ್ರು ಹೊರಗಡೆ ಇರ್ತಾನೆ. ನಮ್ಮ ವಯಸ್ಸಿನವರು ಗೂಢಚಾರರಾದರೆ ಶತ್ರು ಅಡುಗೆಮನೇಲಿ ಇರ್ತಾಳೆ. ನಾನು ಸಂಜೆ ಸ್ವಲ್ಪ ತಡವಾಗಿ ಹೋದರೆ ನಮ್ಮಮ್ಮ ಮೊದಲು ಮುಖ ನೋಡ್ತಾರೆ, ಆಮೇಲೆ ಚಪ್ಪಲಿಗೆ ಅಂಟಿರೋ ಮಣ್ಣು ನೋಡ್ತಾರೆ, ಎಲ್ಲಿಗೆ ಹೋಗಿದ್ದೆ ಅಂತ ಅವರೇ ಹೇಳ್ತಾರೆ. ಅಂಥ ಮನೇಲಿ ಒಂದು ಸುಳ್ಳು ಹೇಳಿದರೆ ಅದನ್ನ ಕಾಪಾಡೋಕೆ ನಾಳೆ ಇನ್ನೊಂದು ಹೇಳಬೇಕು, ನಾಡಿದ್ದು ಮತ್ತೊಂದು. ಸುಳ್ಳು ದಿನಾ ಬೆಳೆಯುತ್ತೆ. ಬೆಳೆದ ಹಾಗೆ ಹೇಳಿದವರಿಗೇ ಭಯ ಆಗುತ್ತೆ. ಆ ಭಯ ಎರಡು ಗಂಟೇಲಿ ಬರೋದಲ್ಲ, ದಿನಾ ಸ್ವಲ್ಪ ಸ್ವಲ್ಪ ಬರಬೇಕು. ಅದೂ ಮನೆಯವರ ಪಕ್ಕದಲ್ಲೇ ಕೂತು ನೋಡಬೇಕು."

ಇವಳು ನನ್ನ ಪುಸ್ತಕದ ಬಗ್ಗೆ ಹೇಳುತ್ತಿದ್ದಾಳೋ, ನನ್ನ ಬಗ್ಗೆಯೋ ತಿಳಿಯದೆ ನಾನು ಕರ್ಚೀಫಿನಲ್ಲಿ ಕತ್ತು ಒರೆಸಿಕೊಂಡೆ. ಸಭೆಯಲ್ಲಿ ಚಪ್ಪಾಳೆ ನಿಲ್ಲಲೇ ಇಲ್ಲ. ಮೇಷ್ಟ್ರುಗಳೂ ತಟ್ಟಿದರು, ಮೇಡಮ್ಮೂ ತಟ್ಟಿದರು. ನನ್ನ ಕೈಯೂ ತನ್ನಷ್ಟಕ್ಕೆ ತಟ್ಟುತ್ತಿತ್ತು, ಹಿಡಿದು ಮೇಜಿನ ಕೆಳಗೆ ಹಾಕಿದೆ.

ಆಮೇಲೆ ಎದ್ದು ನಿಂತು, ಮೊದಲ ಬಹುಮಾನ ಸಿನಿಮಾ ಹುಡುಗನಿಗೆ ಅಂದೆ. ಯಾಕೆ ಅಂತ ಪ್ರಿನ್ಸಿಪಾಲರು ಪಿಸುಗುಟ್ಟಿದರು. "ಗಂಟಲು ಚೆನ್ನಾಗಿದೆ" ಅಂದೆ.

ಹುಡುಗ ಬಂದು ಬಹುಮಾನದ ಕಪ್ಪು ತೆಗೆದುಕೊಂಡ. ಇಳಿದು ಹೋಗುವ ಬದಲು ಮೈಕಿನ ಹತ್ತಿರವೇ ನಿಂತು, ಬಹಳ ಮರ್ಯಾದೆಯಿಂದ ಕೇಳಿದ.

"ಸರ್, ನಿಜ ಹೇಳಬೇಕು ಅಂದರೆ ನನಗೂ ಟೀವಿ ಅಂತಲೇ ಅನ್ನಿಸೋದು. ಚೀಟಿ ಎತ್ತಿದಾಗ ಸಿನಿಮಾ ಬಂತು, ಅದಕ್ಕೆ ಮಾತಾಡಿದೆ. ನಿಮಗೂ ಚೀಟೀಲಿ ಬಂತಾ ಸರ್?"

ಹಸುಗಳ ಅಭ್ಯಾಸ

ಅಷ್ಟರಲ್ಲಿ ಡೀಲರೂ ಕೈಬಿಟ್ಟರು. ಕೋಳಿಸಾರಿನ ದೃಶ್ಯದ ಬಗ್ಗೆ ಯೋಚನೆ ಮಾಡುತ್ತಾ ಮಾಡುತ್ತಾ, ಸಿನಿಮಾಕ್ಕಿಂತ ಕೋಳಿ ಫಾರಂ ವಾಸಿ ಅಂತ ಅವರಿಗೆ ಹೊಳೆಯಿತಂತೆ. ಪ್ರಕಾಶಕರು ಟೀವಿಗೇ ಮಾತು ಕೊಟ್ಟರು.

ನನ್ನ ಕೈಯಲ್ಲಿ ಉಳಿದಿದ್ದು ಗಾಳಿಸುದ್ದಿ ಒಂದೇ. ಅದು ನನ್ನ ಹಳೆಯ ಕಸುಬು. ಸಂಜೆ ಅರಕೆರೆಯ ಒಂದು ಡೈರಿಗೆ ಹೋದೆ. ಹಾಲಿನ ಕ್ಯಾನು ಹಿಡಿದು ಸಾಲು ನಿಂತಿದ್ದವರ ಹತ್ತಿರ ಮುಖ ಸಣ್ಣಗೆ ಮಾಡಿಕೊಂಡು ಹೇಳಿದೆ. "ಹೊಸ ಸೀರಿಯಲ್ಲು ಬರ್ತದಂತೆ ಕಣ್ರಪ್ಪ. ಅದೂ ಸರಿಯಾಗಿ ಹಾಲು ಕರೆಯೋ ಹೊತ್ತಿಗೆ. ಮನೆಮಂದಿಯೆಲ್ಲ ಟೀವಿ ಮುಂದೆ ಕೂತ್ರೆ ಹಸುಗಳ ಗತಿ ಏನು?"

ಡೈರಿಗಳವರು ಗಲಾಟೆ ಎಬ್ಬಿಸಿದರೆ ಟೀವಿಯವರು ಹೆದರಿ ನಿಲ್ಲಿಸಿಬಿಡುತ್ತಾರೆ ಅಂತ ನನ್ನ ಯೋಚನೆ. ಒಬ್ಬ ಹೆಂಗಸು ಕ್ಯಾನು ಕೆಳಗಿಟ್ಟಳು.

"ಏನಣ್ಣ ಕಥೆ?"

ಅಲ್ಲೇ ನಾನು ಎಡವಿದ್ದು. ಕಥೆ ಏನು ಅಂತ ಯಾರಾದರೂ ಕೇಳಿದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಹುಡುಗಿ ವಿಲನ್ನಿನ ಮನೆಯ ಕಿಟಕಿಯಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಹಾಕಿಕೊಂಡಿದ್ದಾಳೆ, ಹಿಂದೆ ಹೆಜ್ಜೆಯ ಸದ್ದು ಕೇಳುತ್ತಿದೆ, ಅಲ್ಲಿವರೆಗೂ ಹೇಳಿಬಿಟ್ಟೆ. ನನಗೆ ಎಚ್ಚರವಾಗಿ ಬಾಯಿ ಮುಚ್ಚಿಕೊಂಡಾಗ ಇಡೀ ಸಾಲು "ಆಮೇಲೆ?" ಅಂತಿತ್ತು. ಕೆಲಸ ಇದೆ ಅಂತ ಬೈಕು ಹತ್ತಿದೆ.

ಸ್ವಲ್ಪ ದಿನದಲ್ಲೇ ಡೈರಿ ಸೆಕ್ರೆಟರಿ ಫೋನು ಮಾಡಿ ಕರೆಸಿದರು. ಅಂಗಳದಲ್ಲಿ ನನ್ನ ಫೀಡಿನ ಮೂಟೆಗಳನ್ನು ಹೊರಗೆ ಹಾಕಿದ್ದರು.

"ಊರಲ್ಲಿ ಹಾಲು ಕಮ್ಮಿಯಾಗೈತೆ. ನಿಮ್ಮ ಫೀಡು ಸರಿಯಿಲ್ಲ, ತಗೊಂಡೋಗಿ."

"ಫೀಡು ಅದೇ ಫೀಡು ಸಾರ್. ಬೇರೆ ಏನಾದ್ರೂ ಬದಲಾಗಿರಬೇಕು."

"ಬೇರೇನಿಲ್ಲ. ಎಲ್ಲಾ ಒಂದು ಗಂಟೆ ಮುಂಚೆ ಹಾಲು ಕರೀತಾವ್ರೆ, ಅಷ್ಟೇಯಾ. ಅದೇನೋ ಸೀರಿಯಲ್ಲು ಬತ್ತದಂತಲ್ಲ."

ಹೊತ್ತು ಬದಲಾದರೆ ಹಸು ಹಾಲು ಬಿಡುವುದಿಲ್ಲ, ಎಳೆದರೆ ಒದೆಯುತ್ತದೆ. ಅದು ನನಗೂ ಗೊತ್ತು, ಅವರಿಗೂ ಗೊತ್ತು. ಸುದ್ದಿ ಹಬ್ಬಿಸಿದವನು ನಾನೇ ಅಂತ ಹೇಳಿದರೆ ಮೂಟೆಯ ಜೊತೆಗೆ ನನ್ನನ್ನೂ ಆಚೆ ಹಾಕುತ್ತಾರೆ.

"ಸಾರ್, ಆ ಸೀರಿಯಲ್ಲು ಶುರುವಾಗೋದು ಇನ್ನೂ ಯಾವ ಕಾಲಕ್ಕೋ. ಈಗಲೇ ಯಾಕೆ ಮುಂಚೆ ಕರೀತಾರೆ?"

"ಹಸಗೊಳಿಗೆ ಅಭ್ಯಾಸ ಮಾಡುಸ್ತಾವ್ರೆ. ನಮ್ಮ ಜನ ಟೀವಿ ಮುಂದೆ ಕೂರೋದು ಒಂದೇ ದಿನಕ್ಕೆ ಕಲೀತಾರೆ. ಹಸ ನಿಯತ್ತಿನ ಪ್ರಾಣಿ, ಅದ್ಕೆ ಟೈಮ್ ಬೇಕು."

ಭಾವನ ಪಕ್ಕದಲ್ಲಿ

ಸೀರಿಯಲ್ಲು ಶುರುವಾಗುವ ದಿನ ಬಂದೇಬಿಟ್ಟಿತು. ಭಾವ ಫೋನು ಮಾಡಿದರು. "ಬಾರ್ಲಾ, ನಿನ್ನ ಸೀರಿಯಲ್ಲು ಒಟ್ಟಿಗೇ ನೋಡೋವಾ."

"ಜ್ವರ ಭಾವ."

"ಕಷಾಯ ಐತೆ, ಬಾ."

ಹೋದೆ. ಹಜಾರದ ತುಂಬ ಅಕ್ಕಪಕ್ಕದ ಮನೆಯವರು. ಟೀವಿಗೆ ನೇರವಾಗಿ ಭಾವನ ಕುರ್ಚಿ, ಅದರ ಪಕ್ಕದಲ್ಲಿ ನನಗೊಂದು. ಜೇಬಿನಿಂದ ಕವರು ತೆಗೆದು, ಕವರಿನ ಮೇಲಿಂದಲೇ ರಿಮೋಟು ಒತ್ತಿದರು. ಅಕ್ಕ ಎಲ್ಲರಿಗೂ ಟೀ ತರುತ್ತಿದ್ದಳು. ಈ ಮನೆಯಲ್ಲಿ ಇದೇ ನನ್ನ ಕೊನೆಯ ಟೀ ಅಂತ ಅನ್ನಿಸಿ, ಬಚ್ಚಲಿಗೆ ಹೋಗುವವನ ಹಾಗೆ ಎದ್ದು ಹೋಗಿ ಹಿತ್ತಲ ಗೋಡೆಯ ಫ್ಯೂಸು ಕಿತ್ತೆ. ಮನೆ ಕತ್ತಲಾಯಿತು. ಭಾವ ಕೂತಲ್ಲಿಂದಲೇ ಹೇಳಿದ್ದು ಕೇಳಿಸಿತು.

"ಕಿತ್ತೋನೇ ವಾಪಸ್ ಇಕ್ಲಾ."

ಇಕ್ಕಿ ಬಂದು ಕೂತೆ.

ಪರದೆಯ ಮೇಲೆ ಹುಡುಗಿ ಬಂದಳು, ಹಾಸ್ಟೆಲ್ಲು ಬಂತು, ವಾರ್ಡನ್ನು ಬಂದರು. ಎಲ್ಲ ನಾನು ಬರೆದ ಹಾಗೇ ಇತ್ತು. ಒಂದು ಕ್ಷಣ ನನಗೆ ಭಯ ಮರೆತು ಸಂತೋಷವೂ ಆಯಿತು. ಆಮೇಲೆ ವಿಲನ್ನು ಬಂದ. ಟೀ ಲೋಟ ಮೂಸಿದ. ಅಂಚು ಒರೆಸಿದ. ಕೊಟ್ಟವನ ಮುಖ ನೋಡಿದ. ಅಂಗಿ ಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದ.

ಹಜಾರದಲ್ಲಿದ್ದವರೆಲ್ಲ ಒಟ್ಟಿಗೇ ತಲೆ ತಿರುಗಿಸಿ ಭಾವನನ್ನು ನೋಡಿದರು. ಭಾವ ಆಗ ತಾನೇ ಟೀ ಲೋಟವನ್ನು ಮೂಗಿನ ಹತ್ತಿರ ತಂದಿದ್ದರು. ಯಾರೋ ಒಬ್ಬರು ಕೆಮ್ಮಿದರು. ನಾನು ನೆಲದ ಮೇಲೆ ಇರುವೆಯೊಂದು ಹೋಗುತ್ತಿದ್ದದ್ದನ್ನು ನೋಡುತ್ತಾ, ಅದರ ಹಿಂದೆಯೇ ಹೋಗಿಬಿಡೋಣವೇ ಅಂತ ಯೋಚಿಸುತ್ತಿದ್ದೆ.

"ಭಾವ..."

"ಸುಮ್ಕಿರ್ಲಾ, ಮಾತು ಕೇಳ್ಸಾಕಿಲ್ಲ."

ಜಾಹೀರಾತು ಬಂತು. ಭಾವ ಸೌಂಡು ಕಮ್ಮಿ ಮಾಡಿದರು. "ಆ ನಟಂಗೆ ಮೂಸಾಕೇ ಬರಾಕಿಲ್ಲ. ಮೂಗು ಲೋಟದೊಳ್ಗೇ ಇಕ್ತಾನೆ. ಅಷ್ಟು ಯೋಳ್ಕೊಟ್ಟಿದ್ದೆ."

"ಹೇಳಿಕೊಟ್ರಾ?"

"ಊಂ. ಆ ಟೀವಿ ಯಮ್ಮ, ಮಧ್ಯಾಹ್ನ ನೀನು ಇಲ್ಲೇ ಸಿಗ್ತೀಯ ಅಂತ ಹುಡುಕ್ಕಂಡು ಮನೆಗೆ ಬಂದಿದ್ರು, ನೀನು ನಾಗಮಂಗಲಕ್ಕೆ ಓಗಿದ್ದೆ. ನಿಮ್ಮಕ್ಕ ಟೀ ಕೊಟ್ಲು, ನಾನು ಮೂಸ್ದೆ. ಆ ಯಮ್ಮ ತಾವು ಟೀ ಕುಡಿಯೋದು ಬುಟ್ಟು ನನ್ನೇ ನೋಡ್ತಾ ಕೂತ್ಕಂಡ್ರು. ಆಮೇಲೊಂದಿನ ಆ ನಟನ್ನೂ ಕರ್ಕಂಡು ಬಂದ್ರು."

"ಅಂದ್ರೆ ಪುಸ್ತಕ... ನಿಮಗೆ..."

ಅಕ್ಕ ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದಳು. "ನೀನು ಕೊಡ್ದೇ ಇದ್ರೆ ನಮ್ಗೆ ಸಿಗಾಕಿಲ್ವಾ? ಪಟ್ಣದ ಅಂಗಡೀಲಿ ತಗಂಡೆ. ಇವ್ರು ಸಾಯಂಕಾಲ ಹಾಲು ಕರೆಯೋವಾಗ ಕೊಟ್ಟಿಗೇಲಿ ಕೂತ್ಕಂಡು ಓದಿ ಯೋಳ್ತಿದ್ದೆ. ಹಸ ಹಾಲು ಬುಡೋ ಅಷ್ಟೊತ್ತು, ದಿನಾ ಅಷ್ಟಷ್ಟೇಯ."

ನಾಲ್ಕು ತಾಲೂಕು ತಿರುಗಿ ನಾನು ತಡೆಯಲು ಹೊರಟಿದ್ದ ಸೀರಿಯಲ್ಲು, ನಮ್ಮಕ್ಕನ ಕೊಟ್ಟಿಗೆಯಲ್ಲಿ ಯಾವಾಗಲೋ ಬಂದು ಮುಗಿದಿತ್ತು.

"ಬೇಜಾರಾಗ್ಲಿಲ್ವಾ ಭಾವ?"

"ಆಯ್ತು. ಸಾಕು, ಓದ್ಬ್ಯಾಡ ಅಂದ್ಬುಟ್ಟೆ ನಿಮ್ಮಕ್ಕಂಗೆ. ಆದ್ರೆ ಆ ಹುಡ್ಗಿ ಕಿಟಕೀಲಿ ಸಿಗಾಕ್ಕಂಡಿದ್ಲಲ್ಲ, ಆಮೇಲೇನಾಯ್ತೋ ಅಂತ ನಿದ್ದೆ ಬರ್ಲಿಲ್ಲ. ಮಾರ್ನೇ ದಿನ ನಾನೇ ಕರ್ದು ಓದ್ಸುಕಂಡೆ." ಅವರು ಟೀ ಲೋಟದ ಅಂಚು ಒರೆಸಿದರು. "ಕೊನೇ ಪುಟ ಓದೋವಾಗ ನಿಮ್ಮಕ್ಕ ಅತ್ಬುಟ್ಲು ಕಣ್ಲಾ. ನನ್ನ ನಾಲೆಗೆ ಕೆಡವಿದ್ಯಲ್ಲ ನೀನು."

ತಪ್ಪಾಯ್ತು ಅನ್ನಬೇಕು ಅಂತ ಬಾಯಿ ತೆರೆದೆ. ಜೀವಮಾನದಲ್ಲಿ ಒಂದು ಸಲವಾದರೂ ನಿಜ ಹೇಳೋಣ ಅಂದರೆ ನನ್ನ ಬಾಯಿಗೆ ಅದರ ಅಭ್ಯಾಸವಿರಲಿಲ್ಲ.

"ಸಿನಿಮಾ ಮಾಡೋದೋ, ಟೀವಿಗೆ ಮಾಡೋದೋ, ನಿಮಗೇನನ್ಸುತ್ತೆ ಯಜಮಾನ್ರೇ ಅಂತ ಆ ಯಮ್ಮ ನನ್ನೇ ಕೇಳುದ್ರು. ನಾನು ಯೋಳ್ದೆ, ಸಿನಿಮಾ ಆದ್ರೆ ಎಲ್ಡೇ ಗಂಟೇಲಿ ನನ್ನ ಮುಗಿಸ್ಬುಡ್ತೀರಿ, ನಿಮ್ಮ ಕೈ ಮುಗೀತೀನಿ, ಟೀವಿಗೇ ಮಾಡ್ರವ್ವ ಅಂತ."

ಜಾಹೀರಾತು ಮುಗಿಯಿತು. ಭಾವ ಸೌಂಡು ಜಾಸ್ತಿ ಮಾಡಿ, ಕಣ್ಣು ಟೀವಿಯ ಮೇಲೇ ಇಟ್ಟು ಹೇಳಿದರು.

"ಬೇಕಾರೆ ನಾಲೆ ಅತ್ರ ಓಗಿ ಕಾಯ್ತಾ ಕೂತ್ಕೋ ಓಗ್ಲಾ. ಇದು ಸೀರಿಯಲ್ಲು, ನಿಂಗೆ ಮೊಮ್ಮಕ್ಕಳಾದ್ರೂ ನಾನು ಬೀಳಾಕಿಲ್ಲ."